ಕಳ್ಳನ ಪಾತ್ರಧಾರಿ

“ನಾಟಕ ಐತ್ರಿ ಇದು. ಹೊಡೀಬ್ಯಾಡ್ರಿ. ನಾ ಕಳ್ಳ ಅಲ್ಲ, ನಾಟಕ ಐತಿ.”

ಪರದೆಯ ಮೇಲಿನ ಮನುಷ್ಯ ಕೈಮುಗಿದು ಹೇಳುತ್ತಿದ್ದ. ಮುಖಕ್ಕೆ ಮಸಿ ಬಳಿದುಕೊಂಡಿದ್ದ, ಹೆಗಲ ಮೇಲೆ ಹಿತ್ತಾಳೆಯ ಕೊಡ ಇತ್ತು. ಸುತ್ತ ನಿಂತವರಲ್ಲಿ ಒಬ್ಬ ನಕ್ಕ. ಸಿಕ್ಕಿಬಿದ್ದ ಕಳ್ಳರು ಏನೇನೋ ಕಥೆ ಕಟ್ಟುತ್ತಾರೆ, ಇವನು ಹೊಸದೊಂದು ಕಟ್ಟುತ್ತಿದ್ದಾನೆ ಎಂದು ಅವನಿಗೆ ಅನಿಸಿರಬೇಕು. ಮರುಕ್ಷಣ ಕೊಡ ನೆಲಕ್ಕೆ ಬಿತ್ತು, ಅದರ ಹಿಂದೆಯೇ ಮನುಷ್ಯನೂ ಬಿದ್ದ.

ಪಿಎಸ್‌ಐ ನಾಗರತ್ನಾ ಕೈ ಎತ್ತಿದಳು. ಲಕ್ಷ್ಮೇಶ್ವರದ ಆ ಇಕ್ಕಟ್ಟಾದ ಸ್ಟುಡಿಯೋದಲ್ಲಿ ವಿಡಿಯೊ ನಿಂತಿತು. ಮದುವೆ ಮುಂಜಿಗಳ ವಿಡಿಯೊ ತೆಗೆದು ಹೊಟ್ಟೆ ಹೊರೆಯುವ ಮೊಹಸಿನ ಎರಡೂ ಕೈಗಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಗೋಡೆಯ ಮೇಲಿನ ನವದಂಪತಿಗಳ ಫೋಟೊ ನೋಡುತ್ತ ಕುಳಿತಿದ್ದ. ಪರದೆಯ ಕಡೆ ನೋಡುವ ಧೈರ್ಯ ಅವನಿಗೆ ಇರಲಿಲ್ಲ.

ಹೋದ ಸೋಮವಾರ ಇಳಿಹೊತ್ತಿಗೆ ಬೆಟಗೇರಿಯ ನೇಕಾರ ಓಣಿಯಲ್ಲಿ ಜನ ಸೇರಿ ಬಡಿದು ಕೊಂದದ್ದು ಕಳ್ಳನನ್ನಲ್ಲ ಎಂಬುದು ನಾಗರತ್ನಾಳಿಗೆ ತಿಳಿದದ್ದು ಈಗ. ಸತ್ತವನು ಮುಂಡರಗಿ ಕಡೆಯ ಹುಚ್ಚೀರಪ್ಪ. ಕಂಪನಿ ನಾಟಕಗಳಲ್ಲಿ ಖಳನಾಯಕನಾಗಿ ಅಬ್ಬರಿಸುತ್ತಿದ್ದವನು. ಠಾಣೆಯ ಕಾಗದಗಳಲ್ಲಿ ಅವನ ಬಗ್ಗೆ ಒಂದೇ ಸಾಲು ಇತ್ತು: ಕಂಪನಿ ಮುಚ್ಚಿದ ಮೇಲೆ ಕೆಲಸವಿಲ್ಲದೆ ಕಳವಿಗೆ ಇಳಿದ ನಟ.

ಆ ಸಾಲು ಅವನ ಊರಿಗೆ ಅವನ ಹೆಣಕ್ಕಿಂತ ಮೊದಲೇ ಮುಟ್ಟಿತ್ತು. ಕಳ್ಳನಿಗೆ ಹೆಗಲು ಕೊಡಲು ಯಾರೂ ಬರಲಿಲ್ಲ. ಆಂಬುಲೆನ್ಸಿನ ಇಬ್ಬರು ಮತ್ತು ಹೆಂಡತಿ ಅಮೃತವ್ವ, ಇವರೇ ಸೇರಿ ಅವನನ್ನು ಮಣ್ಣಿಗೆ ಹಾಕಿದ್ದರು. ಅಂದಿನಿಂದ ಅಮೃತವ್ವ ದಿನಾ ಬೆಳಗ್ಗೆ ಬಸ್ಸಿಗೆ ಬಂದು ಠಾಣೆಯ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಅವಳು ಕೇಳುತ್ತಿದ್ದುದು ಒಂದೇ, ಅವನು ಕಳ್ಳನಲ್ಲ ಎಂದು ಬರೆಯಿರಿ. ಅದನ್ನೂ ಪೇದೆಗಳಿಗೆ ಹೇಳುತ್ತಿದ್ದಳೇ ಹೊರತು ನಾಗರತ್ನಾ ಎದುರಿಗೆ ಬಂದರೆ ಸೆರಗು ಬಾಯಿಗೆ ಒತ್ತಿಕೊಂಡು ಸುಮ್ಮನಾಗಿಬಿಡುತ್ತಿದ್ದಳು.

“ಯಾರು ಕರಿಸಿದ್ರು ನಿನ್ನ?” ನಾಗರತ್ನಾ ಕೇಳಿದಳು.

“ಸೋಮೇಶಣ್ಣಾರು,” ಎಂದ ಮೊಹಸಿನ. ಆಮೇಲೆ ಅವನನ್ನು ಕೇಳುವ ಅಗತ್ಯವೇ ಬೀಳಲಿಲ್ಲ, ಎಲ್ಲವನ್ನೂ ತಾನಾಗಿ ಕಕ್ಕಿದ.

ಸೋಮೇಶ ನಗರಸಭೆಗೆ ಆ ಓಣಿಯ ವಾರ್ಡಿನಿಂದ ನಿಂತ ಅಭ್ಯರ್ಥಿ. ಉಳಿದವರು ನಳದ ನೀರು, ಗಟಾರ, ರಸ್ತೆ ಎಂದು ಕೂಗಿದರೆ ಇವನು ನಿದ್ದೆಯ ಮಾತಾಡಿದ. ನಿಮ್ಮ ಮನೆಯ ಬಾಗಿಲನ್ನು ನಾನು ಕಾಯುತ್ತೇನೆ, ನೀವು ಕಣ್ತುಂಬ ನಿದ್ದೆ ಮಾಡಿ. ಗೆದ್ದರೆ ಓಣಿಗೊಂದು ಕ್ಯಾಮೆರಾ, ಕಂಬಕ್ಕೊಂದು ದೀಪ, ಪ್ರತಿ ಓಣಿಗೂ ಕಾವಲು ಸಮಿತಿ. ಗೆಲ್ಲುವ ಮೊದಲೇ ಮನೆಮನೆಗೂ ತನ್ನ ಫೋಟೊ ಅಂಟಿಸಿದ ಒಂದೊಂದು ಸೀಟಿ ಹಂಚಿದ. ಅಪಾಯ ಕಂಡ ಹೆಂಗಸರು ಊದಬೇಕು, ಗಂಡಸರು ಓಡಿಬರಬೇಕು. ಹಂಚಿದ ವಾರದಲ್ಲೇ ಸೀಟಿಗಳೆಲ್ಲ ಚಿಕ್ಕಮಕ್ಕಳ ಬಾಯಿಗೆ ಹೋದವು. ಮಂದಿ ನಗತೊಡಗಿದರು. ಚುನಾವಣೆಗೆ ನಿಂತವನು ಮಂದಿ ಬೈದರೂ ತಡೆದುಕೊಳ್ಳುತ್ತಾನೆ, ನಕ್ಕರೆ ತಡೆದುಕೊಳ್ಳಲಾರ.

ಹಾಗಾಗಿ ಒಂದು ವಿಡಿಯೊ ಬೇಕಾಯಿತು. ಕಳ್ಳನೊಬ್ಬ ಕೊಡ ಹೊತ್ತು ಗೋಡೆ ಹಾರಬೇಕು, ಸೀಟಿ ಮೊಳಗಬೇಕು, ಓಣಿಯ ಜನ ಅವನನ್ನು ಸುತ್ತುವರಿಯಬೇಕು. ಆಗ ಸೋಮೇಶ ನಡುವೆ ಬಂದು, ಹೊಡೆಯಬೇಡಿ, ಕಾನೂನಿಗೆ ಒಪ್ಪಿಸೋಣ ಎಂದು ನಾಲ್ಕು ಮಾತಾಡಬೇಕು. ಕಳ್ಳ ಅವನ ಕಾಲಿಗೆ ಬೀಳಬೇಕು. ಮರುದಿನ ಬೆಳಗ್ಗೆ ಅದು ವಾರ್ಡಿನ ಪ್ರತಿಯೊಬ್ಬರ ಫೋನಿನಲ್ಲಿ ಇರಬೇಕು.

“ನಾಟಕ ಅಂತ ಓಣ್ಯಾಗ ಯಾರಿಗೂ ಹೇಳಿರಲಿಲ್ಲೇನು?”

“ಇಲ್ರಿ. ಹೇಳಿದ್ರ ನಕ್ಕೋತ ಕ್ಯಾಮೆರಾ ನೋಡ್ತಾರ, ಖರೆ ಸಿಟ್ಟು ಬೇಕು ಅಂದ್ರು ಅಣ್ಣಾರು.”

“ಖರೆ ಸಿಟ್ಟು ಬಂದ್ರ ಅವನ ಗತಿ ಏನು?”

ನಾಟಕದ ಗುಟ್ಟು ಒಂದು ಮನೆಗೆ ಮಾತ್ರ ಗೊತ್ತಿತ್ತಂತೆ. ಜನ ಕೈಮೀರಿದರೆ ಆ ಮನೆಯೊಳಗೆ ಓಡಬೇಕು, ಅದರ ಬಾಗಿಲು ತೆರೆದೇ ಇರುತ್ತದೆ ಎಂದು ಹುಚ್ಚೀರಪ್ಪನಿಗೆ ಹೇಳಿಟ್ಟಿದ್ದರಂತೆ. ಯಾವ ಮನೆ ಎಂಬುದು ಮೊಹಸಿನನಿಗೆ ಗೊತ್ತಿರಲಿಲ್ಲ, ಅವನು ಎದುರು ಸಾಲಿನ ತಾರಸಿಯ ಮೇಲೆ ಇದ್ದ.

ಅವಳು ವಿಡಿಯೊವನ್ನು ಮೊದಲಿನಿಂದ ಹಾಕಿಸಿದಳು, ದನಿ ಹೆಚ್ಚಿಸಿ. ಮೊದಲು ಬರೀ ಮಗ್ಗಗಳ ಸದ್ದು. ಓಣಿಗೆ ಓಣಿಯೇ ಖಟಖಟ ಎನ್ನುತ್ತಿತ್ತು. ಆಮೇಲೆ ಒಮ್ಮೆಲೇ ಎಲ್ಲವೂ ನಿಂತು ಬಾಯಿ ಕಟ್ಟಿದಂತಾಯಿತು. ಬಾಗಿಲುಗಳಲ್ಲಿ ಜನ ಕಾಣಿಸಿಕೊಂಡರು. ಕರೆಂಟು ಹೋದರೆ ನೇಕಾರರು ಮೊದಲು ಮಾಡುವ ಕೆಲಸವೇ ಅದು, ಪಕ್ಕದ ಮನೆಯಲ್ಲೂ ಹೋಗಿದೆಯೇ ಎಂದು ಹೊಸ್ತಿಲಿಗೆ ಬಂದು ನೋಡುವುದು. ಎಲ್ಲರೂ ಹೊರಬಂದ ಮೇಲೆ ಸೀಟಿ ಮೊಳಗಿತು.

ಕರೆಂಟು ತೆಗೆಸಿದ್ದು ತಾನೇ ಎಂದು ಮೊಹಸಿನ ಒಪ್ಪಿಕೊಂಡ. ಮಗ್ಗದ ಸದ್ದಿನಲ್ಲಿ ಸೋಮೇಶನ ಭಾಷಣ ಕೇಳಿಸುವುದಿಲ್ಲ ಎಂದಿದ್ದನಂತೆ. ಸೋಮೇಶನ ಕಡೆಯವರು ಓಣಿಯ ಮೂಲೆಯ ಟ್ರಾನ್ಸ್‌ಫಾರ್ಮರಿನ ಫ್ಯೂಜು ಕಿತ್ತಿದ್ದರು.

ಪರದೆಯಲ್ಲಿ ಹುಚ್ಚೀರಪ್ಪ ಒಮ್ಮೆ ತಪ್ಪಿಸಿಕೊಂಡು ಎಡಸಾಲಿನ ಮನೆಗಳ ಕಡೆಗೆ ಓಡಿದ. ತಗಡಿನ ಚಾವಣಿಯ ಕೆಳಗೆ ಮರೆಯಾದ. ಕದ ಬಡಿಯುವ ಸದ್ದು ಕೇಳಿತು, ಬರಿಗೈಯಿಂದ, ಮತ್ತೆ ಮತ್ತೆ. ಅವನು ಏನೋ ಕೂಗುತ್ತಿದ್ದ, ಮಂದಿಯ ಗದ್ದಲದಲ್ಲಿ ಏನೆಂದು ತಿಳಿಯಲಿಲ್ಲ. ಕದ ತೆರೆದ ಸದ್ದು ಬರಲಿಲ್ಲ. ನಾಲ್ಕೈದು ಜನ ಅವನ ಕಾಲು ಹಿಡಿದು ಬೆಳಕಿಗೆ ಎಳೆದು ತಂದರು.

ಓಣಿಯ ಬಾಯಲ್ಲಿ ಇನ್ನೊಬ್ಬ ಕಾಣುತ್ತಿದ್ದ. ಬಿಳಿ ಅಂಗಿ, ಹೆಗಲ ಮೇಲೆ ಶಾಲು. ಸೋಮೇಶ ತನ್ನ ಪ್ರವೇಶಕ್ಕಾಗಿ ಕಾಯುತ್ತಿದ್ದ. ಹೊಡೆತ ಶುರುವಾದಾಗಲೂ ಅಲ್ಲೇ ಇದ್ದ, ನಿಂತಾಗಲೂ ಅಲ್ಲೇ ಇದ್ದ. ನಡುವೆ ಒಮ್ಮೆ ಶಾಲು ಸರಿಮಾಡಿಕೊಂಡ. ಎಲ್ಲ ಮುಗಿದ ಮೇಲೆ ತಿರುಗಿ ಹೋದ.

“ಅವರು ನನ್ನ ಸನ್ನಿ ಕಾಯಾಕ ಹತ್ತಿದ್ರು,” ಎಂದ ಮೊಹಸಿನ. “ಮಂದಿ ಅವನ್ನ ಸುತ್ತುಗಟ್ಟಿದಾಗ ಬರ್ರಿ ಅಂತ ನಾ ಕೈ ಮಾಡಬೇಕಿತ್ತು. ನನಗ ಕೈ ಏಳಲಿಲ್ರಿ.”

ಕೈ ಏಳದಿದ್ದರೂ ಕ್ಯಾಮೆರಾ ಎಲ್ಲೂ ಅಲುಗಿರಲಿಲ್ಲ. ಕೊನೆಯ ಏಟಿನವರೆಗೂ ಚಿತ್ರ ಸ್ಪಷ್ಟವಾಗಿತ್ತು, ಆದರೆ ಹೊಡೆದವರಲ್ಲಿ ಹೆಚ್ಚಿನವರ ಬೆನ್ನುಗಳಷ್ಟೇ ಕಾಣುತ್ತಿದ್ದವು.

*

ನಾಗರತ್ನಾಳ ಜೀಪು ಶಿರಹಟ್ಟಿ ದಾಟಿ ಬೆಟಗೇರಿಯ ಕಡೆ ಓಡುತ್ತಿತ್ತು. ಬೆಟಗೇರಿಯ ಆ ಓಣಿಯಲ್ಲೇ ಹುಟ್ಟಿ, ಮಗ್ಗದ ಸದ್ದಿನಲ್ಲೇ ಓದಿ ಪೊಲೀಸಾದವಳು ಅವಳು. ಓಣಿಯ ಒಳಹೊರಗು ಗೊತ್ತಿರುವವಳು ಎಂದೇ ಇನ್ಸ್‌ಪೆಕ್ಟರ್ ಸಾಹೇಬರು ಈ ಕೇಸನ್ನು ಅವಳ ಕೈಗೆ ಕೊಟ್ಟಿದ್ದರು. ಎಡಸಾಲಿನ ಮನೆಗಳು ಒಂದೊಂದಾಗಿ ಅವಳ ಕಣ್ಣಮುಂದೆ ಬಂದವು. ಕೊನೆಯ ಮನೆ ಬಂದಾಗ ಅವಳು ಕಿಟಕಿಯ ಹೊರಗಿನ ಎರೆಹೊಲ ನೋಡತೊಡಗಿದಳು. ಅದು ಅವಳ ತವರುಮನೆ.

ಫೋನು ರಿಂಗಾಯಿತು, ಸೋಮೇಶ. ಅವಳು ಲಕ್ಷ್ಮೇಶ್ವರಕ್ಕೆ ಹೋದ ಖಬರು ಅವನಿಗೆ ಆಗಲೇ ಮುಟ್ಟಿತ್ತು. ಮೊದಲು ಊಟ ಆಯಿತೇ ಎಂದು ಕೇಳಿದ. ಆಮೇಲೆ ತಣ್ಣಗೆ ಮಾತಿಗೆ ಬಂದ.

“ಮೇಡಂ, ಕೊಲಿ ಆಗೇತಿ, ಕೊಲಿಗಾರ ಸಿಕ್ಕಾನ. ಸಕ್ರಪ್ಪ ನಿಮ್ಮ ಲಾಕಪ್ಪಿನ್ಯಾಗ ಅದಾನ. ಓಣ್ಯಾಗ ಇನ್ನಷ್ಟು ಕೆದರಾಕ ಹೋಗಬ್ಯಾಡ್ರಿ. ನಿಮ್ಮ ಒಳ್ಳೇದಕ್ಕ ಹೇಳ್ತೀನಿ.”

ಅವಳು ಫೋನು ಕಟ್ ಮಾಡಿದಳು. ಅವನು ಹೇಳಿದ ಸಕ್ರಪ್ಪ ಓಣಿಯಲ್ಲಿ ಕೂಲಿಗೆ ಮಗ್ಗ ನಡೆಸುವವನು. ಕೊನೆಯ ಏಟು ಅವನದೇ. ಉಳಿದ ಗಂಡಸರೆಲ್ಲ ಕುರ್ತಕೋಟಿ, ಕಣಗಿನಹಾಳ ಎಂದು ಬೀಗರ ಮನೆ ಸೇರಿದ್ದರು. ಹೊಡೆದವರಲ್ಲಿ ಓಡಿಹೋಗದವನು ಅವನೊಬ್ಬನೇ ಎಂದು ಅವಳು ತಿಳಿದಿದ್ದಳು. ತಾನು ಮಾಡಿದ್ದು ಘನಕಾರ್ಯ ಎಂದು ಅವನ ನಂಬಿಕೆ. ಸೋಮೇಶಣ್ಣ ಬಿಡಿಸಿಕೊಂಡು ಹೋಗಲು ಯಾವಾಗ ಬರುತ್ತಾನೆ ಎಂದು ದಿನಾ ಪೇದೆಗಳನ್ನು ಕೇಳುತ್ತಿದ್ದ. ಪೇದೆಗಳು ಚಹಾ ಕುಡಿಯುತ್ತ ನಗುತ್ತಿದ್ದರು.

ಓಣಿಯ ಬಾಯಲ್ಲಿ ಪ್ರಚಾರದ ಆಟೋ ಎದುರಾಯಿತು. ನಮ್ಮ ವಾರ್ಡಿನಲ್ಲಿ ಕಳ್ಳನಿಗೆ ಜಾಗವಿಲ್ಲ, ಸೀಟಿ ಊದಿದ ತಾಯಂದಿರಿಗೆ ಸೋಮೇಶನ ನಮಸ್ಕಾರ ಎಂದು ಮೈಕು ಒದರುತ್ತಿತ್ತು. ಹುಚ್ಚೀರಪ್ಪ ಬಿದ್ದ ಜಾಗದ ಮೇಲೆ ಆಟೋ ನಿಧಾನಕ್ಕೆ ಹಾದುಹೋಯಿತು.

ಸೋಮವಾರದಿಂದ ಓಣಿಯಲ್ಲಿ ಒಂದು ಮಗ್ಗವೂ ನಡೆದಿರಲಿಲ್ಲ. ನಡೆಸುವ ಕೈಗಳೇ ಇರಲಿಲ್ಲ. ನಾಗರತ್ನಾ ಎಡಸಾಲಿನ ಮೊದಲ ಮನೆಗೆ ಹೋದಳು. ಹೆಂಗಸೊಬ್ಬಳು ಅರ್ಧ ಕದ ತೆಗೆದು, ಗಂಡ ಮನೆಯಲ್ಲಿಲ್ಲ ಎಂದಳು. ಗಂಡ ಬೇಡ, ಮಗ್ಗ ತೋರಿಸು ಎಂದಳು ನಾಗರತ್ನಾ.

ಮಗ್ಗ ಕರೆಂಟು ಹೋದ ಗಳಿಗೆಯಲ್ಲೇ ನಿಂತುಕೊಂಡಿತ್ತು. ಉದ್ದಕ್ಕೆ ಹಾಸಿದ ಎಳೆಗಳ ನಡುವೆ ಅಡ್ಡನೂಲು ಒಯ್ಯುವ ಲಾಳಿ ಅರ್ಧದಾರಿಯಲ್ಲಿ ಸಿಕ್ಕಿಬಿದ್ದಿತ್ತು. ಅವಳು ನೋಡಬೇಕೆಂದಿದ್ದುದು ಅದನ್ನೇ.

ಹೀಗೆ ಅರ್ಧದಲ್ಲಿ ನಿಂತ ಮಗ್ಗವನ್ನು ಮತ್ತೆ ಶುರುಮಾಡಿದರೆ ಸೀರೆಯ ಅಡ್ಡಕ್ಕೆ ಒಂದು ಗೆರೆ ಏಳುತ್ತದೆ. ಎಷ್ಟು ಒಗೆದರೂ ಆ ಗೆರೆ ಹೋಗುವುದಿಲ್ಲ. ವ್ಯಾಪಾರಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಎರಡನೇ ಮಾಲು ಎಂದು ಪಕ್ಕಕ್ಕೆ ಎಸೆಯುತ್ತಾನೆ. ಕರೆಂಟು ಹೋಗುವುದು ಮೊದಲೇ ಗೊತ್ತಿದ್ದರೆ ನೇಕಾರ ಹಾಗೆ ಬಿಡುವುದಿಲ್ಲ. ಲಾಳಿ ದಡ ಸೇರಿ ತನ್ನ ಗೂಡಿನಲ್ಲಿ ಕೂತ ಮೇಲೆ ಮಗ್ಗವನ್ನು ಕೈಯಿಂದ ನಿಲ್ಲಿಸುತ್ತಾನೆ. ಅವಳ ಅಪ್ಪ ಚಿಕ್ಕಂದಿನಲ್ಲಿ ಅವಳಿಗೆ ಅಕ್ಷರಕ್ಕಿಂತ ಮೊದಲು ಕಲಿಸಿದ್ದು ಇದನ್ನೇ.

ಆ ಸಂಜೆ ಕರೆಂಟು ಹೋಗುತ್ತದೆಂದು ಗೊತ್ತಿದ್ದದ್ದು ಒಂದೇ ಮನೆಗೆ. ನಾಟಕದ ಗುಟ್ಟು ಗೊತ್ತಿದ್ದ ಮನೆಯೂ ಅದೇ, ಹುಚ್ಚೀರಪ್ಪ ಕದ ಬಡಿದ ಮನೆಯೂ ಅದೇ.

ಎರಡನೇ ಮನೆಯಲ್ಲಿ ಲಾಳಿ ನಡುವೆ ನಿಂತಿತ್ತು. ಮೂರನೆಯದರಲ್ಲೂ ಹಾಗೇ. ಮುಂದಿನ ಮನೆಯಲ್ಲಿ ಮೂರು ಮಗ್ಗಗಳಿದ್ದವು, ಮೂರರದೂ ಅದೇ ಗತಿ. ಪ್ರತಿ ಮನೆಯಿಂದ ಹೊರಬೀಳುವಾಗಲೂ ಇನ್ನೊಬ್ಬರ ಮನೆಯಲ್ಲಿ ಸಿಕ್ಕಿಬಿಡಲಿ ದೇವರೇ ಎಂದು ಅವಳು ನಾಚಿಕೆಬಿಟ್ಟು ಬೇಡಿಕೊಂಡಳು. ಉಳಿದದ್ದು ಒಂದೇ ಮನೆ.

*

ತಾಯಿ ಮಂಜವ್ವ ಪಡಸಾಲೆಯಲ್ಲಿ ಕೂತು ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮಗಳನ್ನು ಕಂಡು, ಕೈಕಾಲು ತೊಳಕೋ, ಊಟಕ್ಕೆ ಬಡಿಸುತ್ತೇನೆ ಎಂದಳು. ನಾಗರತ್ನಾ ಬೂಟು ಬಿಚ್ಚದೆ ಮಗ್ಗದ ಕೋಣೆಗೆ ಹೋದಳು.

ತಮ್ಮ ಕನಕರಾಜನ ನಾಲ್ಕು ಮಗ್ಗಗಳು. ನಾಲ್ಕರ ಲಾಳಿಗಳೂ ಗೂಡಿನಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಒಂದರ ಮೇಲೆ ಮದುವೆಯ ಸೀರೆಯೊಂದು ಅರ್ಧ ನೇಯ್ದು ನಿಂತಿತ್ತು. ಬಟ್ಟೆಯಲ್ಲಿ ಎಲ್ಲೂ ಒಂದು ಕಲೆ, ಒಂದು ಗೆರೆ ಇರಲಿಲ್ಲ.

ಅವಳು ಮಗ್ಗದ ಕಟ್ಟಿಗೆ ಹಿಡಿದು ಸ್ವಲ್ಪ ಹೊತ್ತು ನಿಂತಳು. ಹಿಂದೆ ಕನಕರಾಜ ಬಂದು ನಿಂತದ್ದು ತಿಳಿಯಿತು. ಓಣಿಯ ಗಂಡಸರೆಲ್ಲ ಓಡಿಹೋದರೂ ಅವನು ಆರಾಮಾಗಿ ಮನೆಯಲ್ಲೇ ಇದ್ದ. ಪೊಲೀಸ್ ಅಕ್ಕನ ತವರಿಗೆ ಪೊಲೀಸರು ಬರುವುದಿಲ್ಲ ಎಂಬ ಲೆಕ್ಕ ಅವನದು, ಅದು ತಪ್ಪೂ ಆಗಿರಲಿಲ್ಲ.

“ಓಣ್ಯಾಗ ಎಲ್ಲಾರ ಲಾಳಿ ನಡಬರಕ ನಿಂತಾವು ಕನಕಾ. ನಿನ್ನವು ಗೂಡಿನ್ಯಾಗ ಅದಾವು. ಕರೆಂಟ್ ಹೋಗತೈತಿ ಅಂತ ನಿನಗ ಯಾರು ಹೇಳಿದ್ರು?”

ಮಗ್ಗ ಕೆಟ್ಟಿತ್ತು, ಅದಕ್ಕೇ ಮೊದಲೇ ನಿಲ್ಲಿಸಿದ್ದೆ ಎಂದ ಕನಕರಾಜ.

“ನಾಕೂ ಕೆಟ್ಟಿದ್ವೇನು?”

ಅವನು ಬಾಗಿಲ ಚೌಕಟ್ಟಿಗೆ ಒರಗಿದ. ಮುಖ ಸುಣ್ಣ ಬಳಿದಂತಾಯಿತು. ಆಮೇಲೆ ಹೇಳಿದ, ತುಂಡುತುಂಡಾಗಿ, ನಡುನಡುವೆ ಮೂಗು ಒರೆಸಿಕೊಳ್ಳುತ್ತ.

ಕಳ್ಳನ ಪಾತ್ರ ಮೊದಲು ಕನಕರಾಜನದೇ ಆಗಿತ್ತು. ಸೋಮೇಶನ ಮೂಲ ಯೋಜನೆ ಹಾಗೇ ಇತ್ತು. ಓಣಿಯ ಹುಡುಗ, ಎಲ್ಲರಿಗೂ ಗೊತ್ತಿರುವ ಮುಖ. ಯಾರಾದರೂ ಹೊಡೆಯಲು ಕೈ ಎತ್ತುವ ಹೊತ್ತಿಗೆ ಮಸಿ ಒರೆಸಿಕೊಂಡರೆ ಮಂದಿ ಹೋ ಎಂದು ನಗುತ್ತಾರೆ, ಯಾರೂ ಹೊಡೆಯುವುದಿಲ್ಲ. ನಾಟಕದ ಭದ್ರತೆಯೆಲ್ಲ ಇದ್ದದ್ದು ಆ ಪರಿಚಯದ ಮುಖದಲ್ಲಿ.

ಮಂಜವ್ವ ಸುತಾರಾಂ ಒಪ್ಪಲಿಲ್ಲ. ಅಸುಂಡಿಯ ಹೆಣ್ಣಿನ ಕಡೆಯವರೊಂದಿಗೆ ಮಾತುಕತೆ ನಡೆದಿತ್ತು. ಮಗನ ಕೊರಳಪಟ್ಟಿ ಹಿಡಿದು ಓಣಿಯಲ್ಲಿ ಕಳ್ಳ ಕಳ್ಳ ಎಂದು ಎಳೆದಾಡುವ ವಿಡಿಯೊ ಬೀಗರ ಫೋನಿಗೆ ಹೋದರೆ ಹೆಣ್ಣು ಕೊಡುವವರು ಯಾರು? ನಾಟಕವೋ ಖರೆಯೋ, ಕಳ್ಳ ಎಂಬ ಮಾತು ಮನೆಯ ಮಗನ ಮೇಲೆ ಬೀಳಬಾರದು. ಹೀಗೆಂದು ಎರಡು ದಿನ ಉಪವಾಸ ಕೂತಳು.

ಆಗ ಕನಕರಾಜನಿಗೆ ಜಾತ್ರೆಯ ನಾಟಕದಲ್ಲಿ ನೋಡಿದ್ದ ಹುಚ್ಚೀರಪ್ಪ ನೆನಪಾದ. ಮಾತಿಲ್ಲ, ಹಾಡಿಲ್ಲ, ಓಡುವುದಷ್ಟೇ ಎಂದು ಒಪ್ಪಿಸಿದ. ಯಾರಿಗೂ ಗುರುತಿಲ್ಲದ ಮನುಷ್ಯ ಬಂದ. ಬದಲಾವಣೆ ಸೋಮೇಶನಿಗೂ ಹಿಡಿಸಿತು, ಪರಊರವನಾದರೆ ಸಿಟ್ಟು ಇನ್ನೂ ಖರೆ ಕಾಣುತ್ತದೆ ಎಂದನಂತೆ.

ಸೋಮವಾರ ಬೆಳಗ್ಗೆ ಹುಚ್ಚೀರಪ್ಪ ಈ ಮನೆಗೇ ಬಂದಿದ್ದ. ಗೋಡೆಯ ಎತ್ತರ ನೋಡಿಕೊಂಡ. ಎರಡು ಸಲ ಹಾರಿ ಅಭ್ಯಾಸ ಮಾಡಿ, ಮಂಜವ್ವ ಬಡಿಸಿದ ರೊಟ್ಟಿ ಉಂಡ. ಮುಖಕ್ಕೆ ಬಳಿದುಕೊಳ್ಳಲು ಅವಳಿಂದಲೇ ಹಂಚಿನ ತಳದ ಮಸಿ ಕೇಳಿ ಇಸಿದುಕೊಂಡ. ಬಹಳ ದಿನದ ಮೇಲೆ ಬಣ್ಣ ಹಚ್ಚುತ್ತಿದ್ದೇನೆ ಎಂದು ಖುಷಿಯಿಂದ ಹೇಳಿದನಂತೆ.

“ಅಂವ ಕದ ಬಡದಾಗ ಯಾಕ ತಗೀಲಿಲ್ಲ?”

“ನಾ ಹೊರಗ ಮಂದ್ಯಾಗ ಇದ್ದೆ ಅಕ್ಕಾ.”

ನಾಗರತ್ನಾ ತಿರುಗಿ ನೋಡಿದಳು. ಮಂಜವ್ವ ಕೋಣೆಯ ಬಾಗಿಲಿಗೆ ಬಂದಿದ್ದಳು, ಕೈಯಲ್ಲಿ ಇನ್ನೂ ಕಂಡಿಕೆ ಇತ್ತು.

“ಅಗಳಿ ಹಾಕಿದ್ದು ನಾನು,” ಎಂದಳು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎನ್ನುವ ದನಿಯಲ್ಲಿ ಹೇಳಿದಳು. “ಕನಕಾ, ಕನಕಾ ಅಂತ ಒದರಾಕ ಹತ್ತಿದ್ದ. ಮಂದಿ ಕೈಯಾಗ ಕೋಲಿದ್ವು. ಬಾಗಲಾ ತಗದಿದ್ರ ಒಳಗ ಬರವರು ಅವನೊಬ್ಬನ ಅಲ್ಲ. ಕಳ್ಳನ ಜೋಡಿ ಇವನೂ ಕೂಡ್ಯಾನ ಅಂತ ನನ್ನ ಮಗನ್ನೂ ಹಾಕಿ ತುಳಿತಿದ್ರು.”

“ಅವ್ವಾ, ಅಂವ ಮುಂಜಾನೆ ನಿನ್ನ ಕೈಯಾನ ರೊಟ್ಟಿ ಉಂಡಿದ್ದ.”

“ಉಂಡಿದ್ದ. ಎರಡು ಹೆಚ್ಚಿಗಿನ ಹಾಕಿದ್ದೆ.”

ನಾಗರತ್ನಾಳಿಗೆ ಆ ಕ್ಷಣ ಹೆತ್ತವಳ ಮೇಲೆ ಬಂದ ಅಸಹ್ಯ ಹೇಳತೀರದು. ತಾಯಿಯ ಮುಖದಲ್ಲಿ ಹುಡುಕಿದರೂ ಒಂದು ಎಳೆ ಪಶ್ಚಾತ್ತಾಪ ಸಿಗಲಿಲ್ಲ. ಮಗ ಉಳಿದ, ಅವಳ ಲೆಕ್ಕ ಅಲ್ಲಿಗೆ ಚುಕ್ತಾ ಆಗಿತ್ತು.

ಅವಳು ತಮ್ಮನ ಕಡೆ ತಿರುಗಿದಳು. “ಮಂದ್ಯಾಗ ಇದ್ದೆ ಅಂದಿ. ಇಂವ ನಮ್ಮ ಮನಷ್ಯಾ, ಬಿಡ್ರಿ ಅಂತ ಒಂದ ಮಾತು ಅಂದಿದ್ರ ಸಾಕಿತ್ತು.”

“ಅನ್ನಾವಿದ್ದೆ. ಅಷ್ಟ್ರಾಗ ಸಕ್ರಪ್ಪ ನನ್ನ ಕೈಯಾಗೂ ಒಂದು ಬಡಿಗಿ ಕೊಟ್ಟ. ಎಲ್ಲಾರೂ ನನ್ನ ಮಾರಿ ನೋಡಾಕ ಹತ್ತಿದ್ರು.” ಕನಕರಾಜ ತನ್ನ ಅಂಗೈ ನೋಡಿಕೊಂಡ. “ನಾನೂ ಒಂದು ಏಟು ಹಾಕಿದೆ ಅಕ್ಕಾ. ಅಂವ ಕೆಳಗ ಬಿದ್ದಂವ ನನ್ನ ಗುರ್ತು ಹಿಡದ. ಆಮ್ಯಾಲೆ ಒದರೂದ ಬಿಟ್ಟ.”

ಹೊರಗೆ ಆಟೋದ ಮೈಕು ಇನ್ನೂ ತಾಯಂದಿರಿಗೆ ನಮಸ್ಕಾರ ಹೇಳುತ್ತಿತ್ತು.

“ಸೀರಿಗೆ ಒಂದು ಗೆರಿ ಬೀಳದಂಗ ನೋಡ್ಕೊಂಡಿ,” ಎಂದಳು ನಾಗರತ್ನಾ. “ಅಷ್ಟ ಕಾಳಜಿ ಆ ಮನಷ್ಯಾನ ಮ್ಯಾಲ ಇರಲಿಲ್ಲ ನಿನಗ.”

ಆಮೇಲೆ ಅವಳು ಪೊಲೀಸ್ ಅಧಿಕಾರಿಯಾಗಿ ಮಾತಾಡಿದಳು. ಅಂಗಿ ಹಾಕಿಕೊಂಡು ಠಾಣೆಗೆ ನಡೆ. ನಾಟಕ ಕಟ್ಟಿದವನು ಯಾರು, ಫ್ಯೂಜು ಕೀಳಿಸಿದವನು ಯಾರು, ಓಣಿಯ ಬಾಯಲ್ಲಿ ನಿಂತು ನೋಡಿದವನು ಯಾರು, ಎಲ್ಲವನ್ನೂ ಹೇಳು. ನಿನ್ನ ಏಟನ್ನೂ ಮುಚ್ಚಿಡಬೇಡ. ನೀನು ಹೇಳಿದರೆ ಹುಚ್ಚೀರಪ್ಪನ ಹೆಸರಿಗೆ ಹತ್ತಿದ ಕಳ್ಳತನದ ಮಸಿ ತೊಳೆದುಹೋಗುತ್ತದೆ, ಸಕ್ರಪ್ಪ ಒಬ್ಬನೇ ಎಲ್ಲರ ಪಾಪ ಹೊರುವುದು ತಪ್ಪುತ್ತದೆ, ಸೋಮೇಶ ತಪ್ಪಿಸಿಕೊಳ್ಳುವುದಿಲ್ಲ. ನಿನಗೂ ಶಿಕ್ಷೆ ಆಗುತ್ತದೆ. ವಕೀಲರನ್ನು ನಾನು ಹಿಡಿಯುತ್ತೇನೆ, ಕೋರ್ಟಿಗೆ ದಿನಾ ನಾನು ಬರುತ್ತೇನೆ.

ಮಂಜವ್ವ ನಡುವೆ ಬಂದಳು. ಕಂಡಿಕೆ ಈಗ ಕೆಳಗೆ ಬಿದ್ದಿತ್ತು.

“ಅಂವ ಜೇಲಿನ್ಯಾಗ ಒಂದ ದಿನಾ ಬಾಳೂದಿಲ್ಲ ನಾಗೀ. ನೀ ಗಟ್ಟಿ ಅದಿ. ಮೈಮ್ಯಾಲ ಸರ್ಕಾರದ ಬಟ್ಟಿ ಐತಿ. ಏನಾದ್ರೂ ನೀ ತಡ್ಕೋತಿ, ನಿನಗ ಯಾರೂ ಏನೂ ಮಾಡೂದಿಲ್ಲ.”

ಕನಕರಾಜ ಕಣ್ಣೊರೆಸಿಕೊಂಡು ಅಂಗಿ ಹಾಕಿಕೊಂಡ. ಎಲ್ಲಾ ಹೇಳ್ತೀನಿ ಅಕ್ಕಾ ಎಂದ. ಜೀಪಿನಲ್ಲಿ ಚಿಕ್ಕವನಿದ್ದಾಗ ಕೂತಂತೆ ಅವಳ ಭುಜಕ್ಕೆ ಒತ್ತಿ ಕೂತ. ಅವಳು ದೂರ ಸರಿಯಲಿಲ್ಲ. ಇಷ್ಟಾದರೂ ತಮ್ಮ ಸತ್ಯ ಹೇಳಲು ಹೊರಟಿದ್ದಾನಲ್ಲ ಎಂದು ಅವಳ ಎದೆಯ ಮೂಲೆಯಲ್ಲೆಲ್ಲೋ ಒಂದಿಷ್ಟು ಸಮಾಧಾನವಾಯಿತು.

*

ಠಾಣೆಯ ಕಟ್ಟೆ ಖಾಲಿಯಿತ್ತು. ಅಮೃತವ್ವ ಇನ್ಸ್‌ಪೆಕ್ಟರ್ ಸಾಹೇಬರ ಕೋಣೆಯಲ್ಲಿದ್ದಳು. ಇಷ್ಟು ದಿನ ನೆಲಕ್ಕೆ ಕೂತವಳಿಗೆ ಇವತ್ತು ಕುರ್ಚಿ ಸಿಕ್ಕಿತ್ತು, ಕೈಯಲ್ಲಿ ಚಹಾದ ಕಪ್ಪು ಇತ್ತು. ಎರಡನ್ನೂ ಕೊಡಿಸಿದವನು ಅವಳ ಪಕ್ಕದಲ್ಲೇ ನಿಂತಿದ್ದ, ಬಿಳಿ ಅಂಗಿ, ಶಾಲು.

“ಬರ್ರಿ ಮೇಡಂ,” ಎಂದ ಸೋಮೇಶ. “ಈ ತಾಯಿ ಹೆದರಿ ಬಾಯಿ ಮುಚ್ಕೊಂಡಿದ್ಲು. ಅಂಜಬ್ಯಾಡ, ಇದ್ದದ್ದ ಹೇಳು ಅಂತ ನಾನ ಕರ್ಕೊಂಡ ಬಂದೆ.”

ಅಮೃತವ್ವ ಮೊದಲ ಸಲ ನಾಗರತ್ನಾಳ ಮುಖವನ್ನು ನೇರ ನೋಡಿದಳು.

“ಹೋಗಬ್ಯಾಡ, ಮಂದಿ ಹೊಡೀತಾರ ಅಂತ ನಾ ಅಂದಿದ್ದೆ,” ಎಂದಳು. “ಓಣ್ಯಾಗ ಪೊಲೀಸ ಮೇಡಮ್ಮನ ಮನಿ ಐತಿ, ನಾಗರತ್ನಾ ಅಂತ ಅವರ ಹೆಸರು, ಅವರ ತಮ್ಮನ ಬಂದು ಕರದಾನ, ಮೇಡಮ್ಮಗ ಎಲ್ಲಾ ಗೊತ್ತೈತಂತ, ಅವರ ಬಾಗಲಾ ನನ್ನ ಸಲುವಾಗಿ ತೆರದಿರತೈತಿ ಅಂದ. ನಿಮ್ಮ ಹೆಸರ ಮ್ಯಾಲ ಹೋದ. ನಿಮ್ಮ ಠಾಣೇದಾಗ ಕುಂತು ನಿಮ್ಮ ಮ್ಯಾಲ ನಾ ಯಾರಿಗೆ ಹೇಳ್ಬೇಕಿತ್ತು?”

ಅಮೃತವ್ವ ತನ್ನೆದುರು ಯಾಕೆ ಬಾಯಿ ಬಿಡುತ್ತಿರಲಿಲ್ಲ ಎಂಬುದು ನಾಗರತ್ನಾಳಿಗೆ ಈಗ ಅರ್ಥವಾಯಿತು. ಕನಕರಾಜ ಅಕ್ಕನ ಹೆಸರನ್ನೂ ಹುಚ್ಚೀರಪ್ಪನ ಕೈಗೆ ಕೊಟ್ಟಿದ್ದ, ಈ ಮಾತೊಂದನ್ನು ಮನೆಯಲ್ಲಿ ನುಂಗಿಕೊಂಡಿದ್ದ.

ಇನ್ಸ್‌ಪೆಕ್ಟರ್ ಸಾಹೇಬರು ಪೆನ್ನಿನ ಮುಚ್ಚಳ ತೆಗೆಯುತ್ತ, ಇದು ಖರೆಯೇನು ಎಂದು ಕೇಳಿದರು. ಸೋಮೇಶ ತಾನೇ ಉತ್ತರಿಸಿದ. ಅದು ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸುವ ಕಾರ್ಯಕ್ರಮವಂತೆ. ಮೇಡಂ ಬಾಯಿಮಾತಿನ ಅನುಮತಿ ಕೊಟ್ಟಿದ್ದರಂತೆ. ಅವರ ಭರವಸೆಯ ಮೇಲೆಯೇ ತಾನು ದೂರ ನಿಂತಿದ್ದನಂತೆ. ಅವರ ಮರ್ಯಾದೆಗೆ ಅಂಜಿ ಇಷ್ಟು ದಿನ ಕಳ್ಳ ಎಂಬ ಸುಳ್ಳನ್ನೂ ನುಂಗಿಕೊಂಡಿದ್ದನಂತೆ. ಹೇಳುವಾಗ ಅವನ ಕಣ್ಣುಗಳು ತುಂಬಿದ್ದವು.

ನಾಗರತ್ನಾ ಅಲುಗಲಿಲ್ಲ. ಈ ಸುಳ್ಳು ಎಷ್ಟು ಹೊತ್ತು ನಿಂತೀತು? ಎಲ್ಲ ಬಲ್ಲವನನ್ನು ಅವಳೇ ಕೈಹಿಡಿದು ತಂದಿದ್ದಳು.

“ಸರ್, ಇವನ್ನ ಕೇಳ್ರಿ,” ಎಂದು ತಮ್ಮನನ್ನು ಮುಂದೆ ಬಿಟ್ಟಳು. “ಬಾಗಲಾ ಯಾರು ಹಾಕಿದ್ರು, ಯಾಕ ಹಾಕಿದ್ರು, ಎಲ್ಲಾ ಇಂವಗ ಗೊತ್ತೈತಿ.”

ಕನಕರಾಜ ಅಕ್ಕನನ್ನು ನೋಡಿದ. ಸೋಮೇಶನನ್ನು ನೋಡಿದ. ಆಮೇಲೆ ನೆಲ ನೋಡುತ್ತ ನಿಂತ. ಸಾಹೇಬರು ಎರಡನೇ ಸಲ ಕೇಳಬೇಕಾಯಿತು.

“ಅಕ್ಕಗ ಮೊದಲ ಗೊತ್ತಿತ್ರಿ,” ಎಂದ. “ಏನ ಆದ್ರೂ ಬಾಗಲಾ ತಗೀಬ್ಯಾಡ್ರಿ ಅಂತ ಅವ್ವಗ ಹೇಳಿದ್ದೂ ಅಕ್ಕನ.”

ಅಮೃತವ್ವ ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟಳು. ಕುರ್ಚಿಯಿಂದ ಎದ್ದು ನಾಗರತ್ನಾಳ ಕಡೆಗೆ ನಡೆದು ಬಂದಳು.